ಇಡ್ಲಿ ತಟ್ಟೆಯಲ್ಲಿ ಸ್ಕ್ರೂಗಳು

ಫೆಬ್ರುವರಿ 3, ಸೋಮವಾರ

ನಗ್ಮಾಳ ಲ್ಯಾಪ್‌ಟಾಪ್ ಇವತ್ತು ಬೆಳಿಗ್ಗೆ ಸರಿಯಾಗಿ ಮುಚ್ಚಲಿಲ್ಲ. ಒತ್ತಿದರೂ ಬೆರಳು ತೂರುವಷ್ಟು ಸಂದಿ ಉಳಿಯುತ್ತದೆ. ಕೀಬೋರ್ಡಿನ ಈಚೆ, ಅಂಗೈ ಇಡುವ ಜಾಗ, ಒಳಗಿನಿಂದ ಯಾರೋ ತಳ್ಳಿದ ಹಾಗೆ ಎದ್ದು ನಿಂತಿದೆ. ಕೆಲವು ದಿನಗಳಿಂದ ಏಳುತ್ತಿತ್ತು. ನಾನು ನೋಡಿದ್ದೆ. ನೋಡಿ, ವಿಚಾರಿಸೋಣ ಎಂದುಕೊಂಡು ಸುಮ್ಮನಿದ್ದೆ.

ಅಮ್ಮಿ ಸುಮ್ಮನಿರಲಿಲ್ಲ. ಸೆಟೆದ ಹಪ್ಪಳಕ್ಕೆ ಮಾಡುವಂತೆ ನಿನ್ನೆ ಅದರ ಮೇಲೆ ಮಣೆ ಬೋರಲು ಹಾಕಿ, ಮಣೆಯ ಮೇಲೆ ಖಾರ ಅರೆಯುವ ಗುಂಡುಕಲ್ಲು ಹೇರಿ ಮಲಗಿಬಿಟ್ಟಿದ್ದಾಳೆ.

"ಎದ್ದಿದ್ದನ್ನ ಕೂರಿಸಬೇಕಲ್ಲ? ನೀನಂತೂ ಓದಿದವಳು, ನೋಡ್ತಾ ಕೂತಿದ್ದೆ," ಎಂದಳು. ಅಂದದ್ದು ಉರ್ದುವಿನಲ್ಲಿ. ಕನ್ನಡದಲ್ಲಿ ಬರೆದರೆ ಮಾತು ಸ್ವಲ್ಪ ತಣ್ಣಗಾಗುತ್ತದೆ.

ಆನ್ ಮಾಡಿದರೆ ಪರದೆ ಒಮ್ಮೆ ಮಿಂಚಿ ಕಪ್ಪಾಯಿತು. ನಗ್ಮಾ ನನ್ನನ್ನೇ ನೋಡುತ್ತಿದ್ದಳು.

ಈ ಯಂತ್ರವೇ ಅವಳ ಬಾಯಿ. ನನ್ನ ತಂಗಿ ಸವಳಂಗದ ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದವಳು. ಅವಳ ನಾಲಗೆಗೆ ಮಕ್ಕಳಿರಲಿ, ಬಸ್ ಕಂಡಕ್ಟರುಗಳೂ ಹೆದರುತ್ತಿದ್ದರು. ನರದ ಕಾಯಿಲೆ ಮೊದಲು ಕಾಲು, ಆಮೇಲೆ ಕೈ, ಆಮೇಲೆ ಮಾತು ತೆಗೆದುಕೊಂಡಿತು. ಬಲಗೈಯ ತೋರುಬೆರಳು ಮಾತ್ರ ಉಳಿದಿದೆ. ಪರದೆಯ ಮೇಲೆ ಅಕ್ಷರಗಳ ಸಾಲುಗಳಿವೆ, ಒಂದೊಂದರ ಮೇಲೆ ಬೆಳಕು ನಿಧಾನ ಹಾದುಹೋಗುತ್ತದೆ. ಬೇಕಾದಲ್ಲಿಗೆ ಬಂದಾಗ ಅವಳು ಬೆರಳ ಕೆಳಗಿನ ಕೆಂಪು ಗುಂಡಿ ಒತ್ತುತ್ತಾಳೆ. ಬರೆದದ್ದನ್ನು ಯಂತ್ರ ಗಂಡಸಿನ ಸಪ್ಪೆ ದನಿಯಲ್ಲಿ ಓದುತ್ತದೆ. ಪದೇ ಪದೇ ಬೇಕಾಗುವ ಮಾತುಗಳನ್ನು ಅವಳೇ ಕೂಡಿಟ್ಟಿದ್ದಾಳೆ. "ಆಪಾ, ನಾನಿನ್ನೂ ಮುಗಿಸಿಲ್ಲ" ಎಂಬುದು ಅವುಗಳಲ್ಲೆಲ್ಲ ಹೆಚ್ಚು ಬರುತ್ತದೆ. ಆಪಾ ಎಂದರೆ ಅಕ್ಕ, ನಾನು. ನಾನು ಅಡುಗೆಮನೆ ಸೇರಿದ ಮೇಲೆ ಬೆನ್ನ ಹಿಂದಿನಿಂದ ಕೇಳುತ್ತದೆ. ಯಂತ್ರದ್ದೇ ಏನೋ ಸಿಕ್ಕಿಕೊಂಡಿದೆ ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ.

ಈ ಬೆರಳು ಎಷ್ಟು ದಿನ ಎಂದು ದಾವಣಗೆರೆಯ ಡಾಕ್ಟರನ್ನು ಕೇಳಿದ್ದೆ. "ಇರೋವಷ್ಟು ದಿನ ಚೆನ್ನಾಗಿ ಬಳಸಿಕೊಳ್ಳಲಿ" ಎಂದರು. ಆ ದಿನಗಳಲ್ಲಿ ಇವತ್ತು ಒಂದು ಹೋಯಿತು.

ಫೆಬ್ರುವರಿ 4, ಮಂಗಳವಾರ

ಹೊನ್ನಾಳಿಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿರುವ ಮಹಾಂತೇಶ್ ಫೋನಿಗೆ ಸಿಕ್ಕರು. ನಗ್ಮಾಳ ಆ ಅಕ್ಷರಗಳ ಪ್ರೋಗ್ರಾಂ ಹಾಕಿಕೊಟ್ಟವರೂ ಅವರೇ.

"ಮೇಡಂ, ಚಾರ್ಜರ್ ಕಿತ್ತೀರಾ? ಮೊದಲು ಅದು ಹೇಳ್ರಿ."

"ಕಿತ್ತಿದ್ದೇನೆ."

"ಯಾವಾಗ್ಲೂ ಚಾರ್ಜಿಗೇ ಹಾಕಿರ್ತಿದ್ರಾ?"

ಹೌದು. ಕರೆಂಟ್ ಯಾವಾಗ ಹೋಗುತ್ತದೋ ಎಂಬ ಹೆದರಿಕೆ. ಹೋದಾಗ ನಗ್ಮಾ ಮೂಕಿಯಾಗಬಾರದು ಎಂದು ಹಗಲೂ ರಾತ್ರಿ ವೈರು ಚುಚ್ಚಿಯೇ ಇಡುತ್ತಿದ್ದೆ. ಅದು ಕಾಳಜಿ ಎಂದುಕೊಂಡಿದ್ದೆ.

"ಅದಕ್ಕೇ ಬ್ಯಾಟ್ರಿ ಉಬ್ಬೈತೆ. ಮೇಲೆ ಏನೂ ಒತ್ತಿಲ್ಲ ತಾನೆ?"

ಕಲ್ಲಿನ ವಿಷಯ ಹೇಳಿದೆ.

"ದೇವ್ರು ದೊಡ್ಡೋನು ಮೇಡಂ. ಹೊತ್ತಿಕೊಂಡಿದ್ರೆ ಮನೆ ಉಳೀತಿರ್ಲಿಲ್ಲ. ಅಮ್ಮಾರಿಗೆ ಹೇಳ್ರಿ, ಹಪ್ಪಳ ಬೇರೆ ಬ್ಯಾಟ್ರಿ ಬೇರೆ."

ಅವರು ಜಗಳೂರಿನಲ್ಲಿದ್ದಾರೆ. ಮಾವ ತೀರಿಕೊಂಡಿದ್ದಾರೆ, ಶಿವಗಣಾರಾಧನೆ ಮುಗಿಯುವವರೆಗೆ ಬರುವ ಹಾಗಿಲ್ಲ. ಹಾಗಾದರೆ ಶಿವಮೊಗ್ಗಕ್ಕೆ ಒಯ್ಯಲೇ ಎಂದೆ. ಉಬ್ಬಿದ ಬ್ಯಾಟರಿ ಹಿಡಿದು ಬಸ್ಸು ಹತ್ತಲೇಬೇಡಿ ಎಂದರು. ಮೊದಲು ಅದನ್ನು ಮನೆಯಲ್ಲೇ ಬಿಡಿಸಿ ಒಣ ಮರಳಿನ ಬಕೆಟ್ಟಿನಲ್ಲಿ ಹಾಕಿ ಬಯಲಿನಲ್ಲಿ ಇಡಬೇಕಂತೆ.

"ಯಾರು ಬಿಡಿಸಬೇಕು?"

"ನೀವೇ. ನಾನು ಫೋನಲ್ಲಿ ಇರ್ತೀನಿ. ಅವಸರ ಮಾಡಾಕೆ ಹೋಗಬ್ಯಾಡ್ರಿ ಅಷ್ಟೇ."

ಆಗುವುದಿಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಹೆದರಿದಾಗ ನನಗೆ ಶಾಲೆಯ ಇಂಗ್ಲಿಷ್ ಬಾಯಿಗೆ ಬರುತ್ತದೆ. ನಗ್ಮಾಳಿಗೆ ಮಾತು ಇದ್ದಿದ್ದರೆ ಅದಕ್ಕೊಂದು ಕುಟುಕು ಖಂಡಿತ ಇತ್ತು.

ಫೆಬ್ರುವರಿ 5, ಬುಧವಾರ

ಮಾಡಿದೆ.

ನೈಲಾನ್ ಬಟ್ಟೆ ಬೇಡ ಎಂದು ಮಹಾಂತೇಶ್ ಹೇಳಿದ್ದರು, ಹತ್ತಿಯ ಸಲ್ವಾರ್ ಹಾಕಿಕೊಂಡೆ. ಬಳೆ ತೆಗೆದೆ. ಮೈಯಲ್ಲಿರುವ ವಿದ್ಯುತ್ತು ಇಳಿಯಲು ಒಮ್ಮೊಮ್ಮೆ ನಲ್ಲಿಯ ಕಬ್ಬಿಣ ಮುಟ್ಟಿ ಬರಬೇಕಂತೆ. ಹಿತ್ತಲಿಗೆ ಹೋಗಿ ಬರುವುದೇ ಒಂದು ಕೆಲಸವಾಯಿತು. ಕಲ್ಲುಬೆಂಚಿನ ಮೇಲೆ ಕಂಬಳಿ ಇಲ್ಲ, ಪ್ಲಾಸ್ಟಿಕ್ ಇಲ್ಲ, ಹಳೆಯ ಹತ್ತಿ ದುಪಟ್ಟಾ ಮಾತ್ರ. ಸ್ಕ್ರೂಗಳೆಲ್ಲ ಒಂದೇ ಅಳತೆಯವಲ್ಲ. ಉದ್ದದ್ದನ್ನು ಗಿಡ್ಡದರ ಜಾಗಕ್ಕೆ ಹಾಕಿದರೆ ಒಳಗಿನ ಬೋರ್ಡಿಗೆ ಚುಚ್ಚಿಬಿಡುತ್ತದೆ. ಇಡ್ಲಿ ತಟ್ಟೆ ತಂದು, ಲ್ಯಾಪ್‌ಟಾಪಿನ ಯಾವ ಮೂಲೆಯದೋ ತಟ್ಟೆಯ ಆ ಮೂಲೆಯ ಗುಳಿಗೆ ಹಾಕುತ್ತಾ ಹೋದೆ.

ಪಕ್ಕದ ಮನೆಯ ಉಷಾರಾಣಿ ಬಾಗಿಲಲ್ಲಿ ನಿಂತು, "ಏನ್ ಮಸರತಕ್ಕ, ಹೆರಿಗೆ ಮಾಡಿಸ್ದಂಗೆ ಮಾಡ್ತಿದೀರಲ್ಲ. ಬಿಸಿನೀರು ಕಾಯಿಸ್ಲಾ?" ಎಂದಳು. ಯಾರೂ ನಗಲಿಲ್ಲ. ನಗ್ಮಾಳ ಕಣ್ಣು ನಕ್ಕಿತೋ ಏನೋ, ನಾನು ತಿರುಗಿ ನೋಡಲಿಲ್ಲ.

ಬ್ಯಾಟರಿ ಪೂರಿಯಂತೆ ಉಬ್ಬಿತ್ತು. ಮೊದಲು ಅದರ ವೈರಿನ ತುದಿ ಬಿಡಿಸ್ರಿ, ಆಮೇಲೆ ಉಳಿದದ್ದು, ಯಾವುದರಿಂದಲೂ ಮೀಟಬ್ಯಾಡ್ರಿ, ಚುಚ್ಚಬ್ಯಾಡ್ರಿ ಎಂದು ಫೋನಿನಲ್ಲಿ ಮಹಾಂತೇಶ್ ಹೇಳುತ್ತಿದ್ದರು. ಎತ್ತಿ ಮರಳಿನ ಬಕೆಟ್ಟಿಗೆ ಇಟ್ಟಾಗ ಅಮ್ಮಿ ಬಿಸ್ಮಿಲ್ಲಾ ಎಂದಳು.

ಬ್ಯಾಟರಿ ಇಲ್ಲದೆಯೂ ಚಾರ್ಜರಿನಿಂದ ನಡೆಯಬಹುದು ಎಂದರು. ಹಾಕಿದೆ. ಪರದೆ ಬೆಳಗಿತು. ನಾನು "ನಗ್ಮಾ!" ಎಂದು ಕೂಗಿದ್ದು ನೆನಪಿದೆ. ಆಗ ಒಳಗಿನಿಂದ ಸದ್ದು. ಟಿಕ್. ಟಿಕ್. ಬಾಗಿಲಿಗೆ ಯಾರೋ ಉಗುರಿನಿಂದ ತಟ್ಟಿದಂತೆ.

"ಆಫ್ ಮಾಡ್ರಿ! ಮೇಡಂ, ಆಫ್ ಮಾಡ್ರಿ ಅದನ್ನ!"

ಕಲ್ಲಿನ ಭಾರ ಬಿದ್ದದ್ದು ಬ್ಯಾಟರಿಯ ಮೇಲೆ ಮಾತ್ರ ಅಲ್ಲ. ಅದರ ಪಕ್ಕದಲ್ಲೇ ಹಾರ್ಡ್‌ಡಿಸ್ಕ್ ಇದೆ, ಸದ್ದು ಅದರದು. ನಗ್ಮಾಳದೆಲ್ಲವೂ ಅದರಲ್ಲೇ ಇದೆ, ಬೇರೆಲ್ಲೂ ಇಲ್ಲ. ಅವಳ ನಿಜವಾದ ದನಿಯೂ. ಕಾಯಿಲೆ ಗೊತ್ತಾದಾಗ, ಗಂಟಲು ಇರುವಾಗಲೇ ಬೇಕಾದ ಮಾತುಗಳನ್ನು ಅವಳ ದನಿಯಲ್ಲಿ ರೆಕಾರ್ಡ್ ಮಾಡಿಸಿಡಿ ಎಂದು ಆಸ್ಪತ್ರೆಯವರು ಹೇಳಿದ್ದರು. ನಾನು ಕೂತು ಯೋಚಿಸಿ ಬರೆದುಕೊಟ್ಟಿದ್ದೆ, ಒಂದೂ ಬಿಟ್ಟುಹೋಗದ ಹಾಗೆ. "ದಯವಿಟ್ಟು ನನ್ನನ್ನು ಎಡಕ್ಕೆ ಹೊರಳಿಸಿ." "ತುಂಬಾ ಉಪಕಾರವಾಯಿತು." ಅವಳು ಓದಿದಳು. ಈಗಲೂ ಅಮ್ಮಿ ದಿನಕ್ಕೊಂದು ಸಲವಾದರೂ ಅದನ್ನು ಹಾಕಿಸಿ ಕೇಳುತ್ತಾಳೆ.

ಕೇಳುತ್ತಿದ್ದಳು.

ಫೆಬ್ರುವರಿ 7, ಶುಕ್ರವಾರ

ಬಿಳಿ ರಟ್ಟಿನ ಮೇಲೆ ಅಕ್ಷರಮಾಲೆ ಬರೆದಿದ್ದೇನೆ. ನಾನು ಸ್ಕೇಲು ಹಿಡಿದು ಸಾಲು ಸಾಲಾಗಿ ಇಳಿಯಬೇಕು, ಬೇಕಾದ ಅಕ್ಷರ ಬಂದಾಗ ಅವಳು ಕಣ್ಣು ಮೇಲೆತ್ತಬೇಕು. ಎಷ್ಟು ನಿಧಾನ ಎಂದರೆ ನನಗೆ ಉಸಿರು ಕಟ್ಟಿದಂತಾಗುತ್ತದೆ.

ಮಧ್ಯಾಹ್ನ 'ಬೆ' ಎಂದಳು. ಬೆನ್ನು ಎಂದುಕೊಂಡು ಹೊರಳಿಸಿ ದಿಂಬು ಕೊಟ್ಟೆ. ಅಲ್ಲ. ಬೆಳಕು? ಕಿಟಕಿ ಮುಚ್ಚಿದೆ. ಅಲ್ಲ. ಬೆವರು? ಬೀಸಿದೆ. ಅವಳು ಕಣ್ಣು ಮುಚ್ಚಿಕೊಂಡಳು. ಅವಳ ಕಣ್ಣಂಚಿನಲ್ಲಿ ನೀರು ಬಂತು, ನನ್ನದರಲ್ಲೂ. ಇಷ್ಟೆಲ್ಲ ಮಾಡುತ್ತಿದ್ದೇನಲ್ಲ, ಇನ್ನೇನು ಮಾಡಲಿ ಎಂದು ಜೋರಾಗಿಯೇ ಅಂದುಬಿಟ್ಟೆ.

ಅಷ್ಟರಲ್ಲಿ ಒಳಗೆ ಪಾತ್ರೆ ಬಿದ್ದ ಸದ್ದು. ಬೆಕ್ಕು ಹಾಲೆಲ್ಲ ಕುಡಿದು ಹೋಗಿತ್ತು.

ಉಷಾರಾಣಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. "ಪಾಪ, ಬೆಕ್ಕು ಅಂತ ಹೇಳಾಕೆ ಬಿಡ್ಬೇಕಲ್ಲ ನೀವು ಆಕೀಗೆ!"

ನನಗೆ ನಗು ಬರಲಿಲ್ಲ.

ಫೆಬ್ರುವರಿ 8, ಶನಿವಾರ

ಶಾಲೆಗೆ ಹೋಗಿ ಬಂದೆ. ಏಳನೇ ತರಗತಿಗೆ ಏನು ಪಾಠ ಮಾಡಿದೆನೋ ಗೊತ್ತಿಲ್ಲ.

ಮನೆಗೆ ಬಂದಾಗ ನಗ್ಮಾ ನಿದ್ದೆಯಲ್ಲಿದ್ದಳು. ತೋರುಬೆರಳು ಹೊದಿಕೆಯ ಮೇಲೆ ಒತ್ತುತ್ತಿತ್ತು. ಬಿಟ್ಟು, ಒತ್ತುತ್ತಿತ್ತು. ಅಲ್ಲಿ ಗುಂಡಿ ಇರಲಿಲ್ಲ.

ಫೆಬ್ರುವರಿ 10, ಸೋಮವಾರ

ಚನ್ನಗಿರಿಯಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿರುವ ತೌಸಿಫ್, ನಮ್ಮ ಮಾಮುವಿನ ಮಗ, ಹೊಸ ಬ್ಯಾಟರಿ ಮತ್ತು ಹೊಸ ಡಿಸ್ಕ್ ತರಿಸಿಕೊಂಡು ಬೈಕಿನಲ್ಲಿ ಬಂದ. "ಪುಪ್ಪೀ, ಈ ಸಲ ಏನು ರುಬ್ಬೋದಿದೆ?" ಎಂದು ತನ್ನ ಸೋದರತ್ತೆಯನ್ನು, ಅಮ್ಮಿಯನ್ನು, ಕೇಳಿದ. ಆ ಗುಂಡುಕಲ್ಲನ್ನು ಅವಳು ಹಿತ್ತಲಿಗೆ ಹಾಕಿದ್ದಾಳೆ. ಈಗ ಮಿಕ್ಸಿಯಲ್ಲೇ ಖಾರ ಮಾಡುತ್ತಾಳೆ, ರುಚಿ ಇಲ್ಲ ಎಂದು ತಾನೇ ಊಟ ಬಿಡುತ್ತಾಳೆ.

ಹೊಸದನ್ನು ಹಾಕುವ ಮೊದಲು ಹಳೆಯ ಡಿಸ್ಕ್ ಬಿಡಿಸಬೇಕು. ಅದರ ಮೇಲೆ ಕಾಗದದಂತಹ ಚಪ್ಪಟೆ ಪಟ್ಟಿಯೊಂದು ಹಾದುಹೋಗಿದೆ, ಕೀಬೋರ್ಡಿನದು. ಪಟ್ಟಿ ಹಿಡಿದಿರುವ ಕಂದು ಚಿಲಕವನ್ನು ಉಗುರಿನಿಂದ ಮೇಲೆತ್ತಿ ಆಮೇಲೆ ಎಳೆಯಬೇಕು ಎಂದು ಮಹಾಂತೇಶ್ ಹೇಳಿದ್ದರು. ನನಗೆ ಗೊತ್ತಿತ್ತು. ತೌಸಿಫ್ "ನಾನು ಮಾಡ್ಲಾ ಆಪಾ?" ಎಂದ. ಬೇಡ ಎಂದೆ. ಬೇಡ ಎಂದವಳು ಎಳೆದೇಬಿಟ್ಟೆ. ಚಿಲಕ ಅಕ್ಕಿಕಾಳಿನ ಮುರುಕಿನಂತೆ ಹಾರಿ ನೆಲಕ್ಕೆ ಬಿತ್ತು.

ಅಲ್ಲೇ ನೆಲದ ಮೇಲೆ ಕೂತೆ. ಎಷ್ಟು ಹೊತ್ತೋ. ಯಾಕೆ ನಾನು ಕಾಯಲಿಲ್ಲ? ಗೊತ್ತಿದ್ದೂ ಕೈ ಯಾಕೆ ಮುಂದೆ ಹೋಗುತ್ತದೆ? ಇನ್ನು ಬೋರ್ಡೇ ಬದಲಿಸಬೇಕಂತೆ, ಅದು ಸಿಗುವುದೇ ಕಷ್ಟವಂತೆ. ಅಳುವಾಗ ಸದ್ದು ಮಾಡಬಾರದು ಎಂದು ದುಪಟ್ಟಾ ಬಾಯಿಗೆ ತುರುಕಿಕೊಂಡಿದ್ದೆ.

ತೌಸಿಫ್ ಭುಜ ಮುಟ್ಟಿದ. "ಆಪಾ, ನಗ್ಮಾ ಆಪಾ ಕರೀತಿದಾರೆ."

ಅವಳು ರಟ್ಟಿನ ಕಡೆ ನೋಡುತ್ತಿದ್ದಳು, ನನ್ನ ಕಡೆ ನೋಡುತ್ತಿದ್ದಳು. ಸ್ಕೇಲು ಹಿಡಿದೆ. ಊಹಿಸಲು ತಲೆಯಲ್ಲಿ ಏನೂ ಉಳಿದಿರಲಿಲ್ಲ, ಅವಳು ಕೊಟ್ಟದ್ದನ್ನು ಕೊಟ್ಟ ಹಾಗೆ ಬರೆದುಕೊಂಡೆ.

"ಕೀ ಬೇಡ ಗುಂಡಿ ಸಾಕು."

ನಿಜ. ಕೆಂಪು ಗುಂಡಿಯ ವೈರು ಪಕ್ಕದಿಂದ ಚುಚ್ಚುವಂಥದ್ದು. ಅವಳು ಕೀಬೋರ್ಡ್ ಮುಟ್ಟಿ ಎಷ್ಟು ಕಾಲವಾಯಿತು! ನನಗೇ ಯಾಕೆ ಹೊಳೆಯಲಿಲ್ಲ? ತೌಸಿಫ್ ಬಿದ್ದು ಬಿದ್ದು ನಕ್ಕ. "ಇಬ್ರಲ್ಲಿ ಇಂಜಿನಿಯರ್ ಯಾರು ಅಂತ ಈಗ ಗೊತ್ತಾಯ್ತು."

ಫೆಬ್ರುವರಿ 13, ಗುರುವಾರ

ರಜೆ ಹಾಕಿ ಹೊನ್ನಾಳಿಗೆ ಹೋದೆ. ಹಳೆಯ ಡಿಸ್ಕನ್ನು ಹತ್ತಿ ಬಟ್ಟೆಯಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡಿದ್ದೆ. ರಸ್ತೆಯ ಹಂಪ್ ಬಂದಾಗಲೆಲ್ಲ ಎರಡೂ ಕೈಯಲ್ಲಿ ಎತ್ತಿ ಹಿಡಿದೆ. ಪಕ್ಕದವಳು "ಮೊಟ್ಟೇನೇನ್ರೀ?" ಎಂದು ಕೇಳಿದಳು.

ಮಹಾಂತೇಶ್ ಮೊನ್ನೆ ಜಗಳೂರಿನಿಂದ ಬಂದಿದ್ದಾರೆ. ಕೈಯಲ್ಲಿ ಹಿಡಿದು ನೋಡಿ, ಬದಿಗಿಟ್ಟರು.

"ಮೇಡಂ, ಸುಳ್ಳು ಹೇಳಲ್ಲ. ಇದನ್ನ ಇನ್ನೊಂದು ಸಲ ತಿರುಗಿಸಬಹುದು. ಎಷ್ಟು ಹೊತ್ತು ತಿರುಗ್ತೈತೋ ಗೊತ್ತಿಲ್ಲ. ನಿಂತ್ರೆ ಮುಗೀತು. ಮೊದಲು ಯಾವುದು ಬೇಕು ಹೇಳ್ರಿ, ಅದನ್ನ ಎತ್ಕೊಳ್ಳೋಣ."

ಎರಡು ಫೋಲ್ಡರುಗಳಿವೆ. 'ಧ್ವನಿ' ಎಂಬುದು ನಗ್ಮಾಳ ರೆಕಾರ್ಡಿಂಗ್. 'ನಗ್ಮಾ' ಎಂಬುದು ಅವಳು ಒಂದೇ ಬೆರಳಿನಲ್ಲಿ ಟೈಪ್ ಮಾಡಿ ಕೂಡಿಟ್ಟ ಮಾತುಗಳು. ಅವನ್ನು ಓದುವುದು ಯಂತ್ರದ ದನಿ. ಇದರಲ್ಲಿ ಕೇಳುವುದೇನಿದೆ? ಟೈಪ್ ಮಾಡಿದ್ದನ್ನು ಮತ್ತೆ ಮಾಡಬಹುದು, ಹೋದ ಗಂಟಲು ಮತ್ತೆ ಬರುವುದಿಲ್ಲ. ಅಮ್ಮಿಗೆ ಫೋನ್ ಮಾಡಿದೆ. "ಆವಾಜು! ನನ್ನ ಮಗಳ ಆವಾಜು! ಇದನ್ನೂ ಕೇಳ್ತಾರಾ?" ಎಂದಳು.

ಮಹಾಂತೇಶ್ ವೈರು ಹಿಡಿದು ಕಾಯುತ್ತಿದ್ದರು. "ಹೇಳ್ರಿ ಮೇಡಂ."

ಬಾಯಿ ತೆರೆದೆ. ಯಾಕೋ ಹಾಲಿನ ಪಾತ್ರೆ ನೆನಪಾಯಿತು.

"ನಾಳೆ ಹೇಳುತ್ತೇನೆ," ಎಂದು ಡಿಸ್ಕನ್ನು ಮತ್ತೆ ಸುತ್ತಿಕೊಂಡೆ. ಅವರಿಗೆ ಆಶ್ಚರ್ಯವಾಯಿತು. ನನಗೂ. ವಾಪಸು ಬರುವ ಬಸ್ಸಿನಲ್ಲಿ ಸೂರಗೊಂಡನಕೊಪ್ಪಕ್ಕೆ ಹೊರಟ ಸೇವಾಲಾಲರ ಮಾಲಾಧಾರಿಗಳು ತುಂಬಿದ್ದರು, ನಿಲ್ಲಲೂ ಜಾಗವಿಲ್ಲ. ಮುದುಕರೊಬ್ಬರು ನನ್ನ ಕೈಯಲ್ಲಿದ್ದುದನ್ನು ನೋಡಿ, ಏನೆಂದು ಕೇಳದೆ, ಎದ್ದು ಸೀಟು ಬಿಟ್ಟರು.

ಫೆಬ್ರುವರಿ 14, ಶುಕ್ರವಾರ

ನಗ್ಮಾಳಿಗೆ ಎಲ್ಲ ಹೇಳಿದೆ. ಒಂದೇ ಉಳಿಯಬಹುದು ಎಂದೂ ಹೇಳಿದೆ. "ಅಮ್ಮಿಗೆ ನಿನ್ನ ಆವಾಜು ಬೇಕು. ನನಗೂ," ಎಂದೆ. ಅದನ್ನು ಹೇಳಬಾರದಿತ್ತೇನೋ. ಆಮೇಲೆ ಕೇಳಿದೆ. ಧ್ವನಿಯಾ? ಕಣ್ಣು ಅಲುಗಲಿಲ್ಲ. ನಗ್ಮಾ ಅನ್ನೋದಾ? ಕಣ್ಣು ಮೇಲಕ್ಕೆ ಹೋಯಿತು.

ತಪ್ಪು ನೋಡಿದೆನೇ ಎಂದು ಮತ್ತೆ ಕೇಳಿದೆ. ಮತ್ತೆ ಅದೇ.

"ಯಾಕೆ?" ಎಂದೆ. ಅವಳು ರಟ್ಟಿನ ಕಡೆ ನೋಡಿದಳು.

ಅದು ನನ್ನ, ಎಂದು ಬಂತು. "ನಿನ್ನದೇ ಕಣೇ, ಅದಕ್ಕೇ ತಾನೇ..." ಎಂದೆ. ಕಣ್ಣು ಮುಚ್ಚಿದಳು. ನಾನು ಬಾಯಿ ಮುಚ್ಚಿದೆ. ಕಣ್ಣು ತೆರೆದಳು. ಜುಮ್ಮಾ ಮುಗಿಸಿ ಬಂದ ಗಂಡಸರ ಚಪ್ಪಲಿ ಸದ್ದು ಬೀದಿಯಲ್ಲಿ ಹಾದುಹೋಯಿತು. ಸ್ಕೇಲು ಇಳಿಯಿತು, ಏರಿತು. ಇಳಿಹೊತ್ತಿನ ನಮಾಜಿಗೆ, ಅಸರ್‌ಗೆ, ಅಜಾನ್ ಆಗುವ ಹೊತ್ತಿಗೆ ಮುಗಿಯಿತು.

"ಅದು ನನ್ನ ಗಂಟಲು ನಿನ್ನ ಮಾತು. ಉಪಕಾರ ಅಂತ ನಾನು ಯಾವತ್ತು ಅಂದೆ."

ಪೆನ್ಸಿಲಿನಲ್ಲಿ ಬರೆದುಕೊಂಡ ಆ ಚೀಟಿಯನ್ನು ತುಂಬಾ ಹೊತ್ತು ಹಿಡಿದು ಕೂತಿದ್ದೆ. ಯಾವತ್ತೂ ಅಂದಿರಲಿಲ್ಲ. ನೆನಪು ಮಾಡಿಕೊಂಡು ನೋಡಿದೆ, ಒಂದು ದಿನವೂ ಇಲ್ಲ. ಅವಳ ಕೃತಜ್ಞತೆ ಎಂದರೆ "ಪರವಾಗಿಲ್ಲ, ಈ ಸಲ ಚಾ ಕುಡಿಯೋ ಹಂಗೈತೆ" ಎನ್ನುವುದು.

ಅಮ್ಮಿಗೆ ನಾನೇ ಹೇಳಿದೆ. ಅವಳು ನನ್ನ ಮೇಲೆ ಕೂಗಿದಳು. "ಅವಳಿಗೆ ಗೊತ್ತಾಗಲ್ಲ! ಅವಳು ಹೋದ ಮೇಲೆ ನಾನು ಏನನ್ನ ಕೇಳ್ಲಿ? ಆ ಗಂಡಸು ಮಾತಾಡೋದನ್ನ ಕೇಳ್ಲಾ?" ನಗ್ಮಾಳ ಮುಂದೆಯೇ ಹೇಳಿದಳು. ಹೇಳಿ, ತಾನೇ ಹೆದರಿ, ನಗ್ಮಾಳ ಕಾಲ ಬಳಿ ಕುಸಿದಳು.

ನನಗೂ ಅದೇ ಪ್ರಶ್ನೆ. ನಾನು ಕೇಳಲಿಲ್ಲ, ಅಷ್ಟೇ.

ಫೆಬ್ರುವರಿ 15, ಶನಿವಾರ

ಮತ್ತೆ ಹೊನ್ನಾಳಿ. "ನಗ್ಮಾ ಅನ್ನೋದು ಮೊದಲು," ಎಂದೆ.

ಮಹಾಂತೇಶ್ ಫ್ಯಾನ್ ಆಫ್ ಮಾಡಿದರು, ಸದ್ದು ಕೇಳಲು. ಡಿಸ್ಕ್ ತಿರುಗಿತು. ಟಿಕ್ ಎಂದಿತು. ಮತ್ತೆ ತಿರುಗಿತು. ಹಸಿರು ಪಟ್ಟಿ ಇರುವೆಯ ಹಾಗೆ ತೆವಳಿ ತುದಿ ಮುಟ್ಟಿತು. ಬಂತು, ಎಲ್ಲವೂ. ಒಂದು ಸಾಲು ತೆರೆದು ನೋಡಿದ ಮಹಾಂತೇಶ್ ಗಟ್ಟಿಯಾಗಿ ಓದಿದರು: "'ಮಹಾಂತೇಶ್, ಬ್ಯಾಟ್ರಿ ಹೋದ್ರೆ ನಾಳೆ ಅಂತೀಯ, ಊಟಕ್ಕೆ ಕರೆದ್ರೆ ಈಗ್ಲೇ ಬರ್ತೀಯ.' ನೋಡ್ರಿ ಮೇಡಂ, ನಿಮ್ಮ ತಂಗಿ!" ನಗುತ್ತಲೇ ಕಣ್ಣೊರೆಸಿಕೊಂಡರು.

"ಧ್ವನಿ ನೋಡೋಣ್ವಾ?"

ನೋಡಿದೆವು. ಪಟ್ಟಿ ಶುರುವಾಗುವ ಮೊದಲೇ ಸದ್ದು ನಿಂತಿತು. ಆಮೇಲೆ ಏನು ಮಾಡಿದರೂ ತಿರುಗಲಿಲ್ಲ. ಅವರು ಅದನ್ನು ಕಿವಿಯ ಹತ್ತಿರ ಹಿಡಿದು, ತಲೆ ಅಲ್ಲಾಡಿಸಿ, ನನ್ನ ಕೈಗೆ ಕೊಟ್ಟರು. ಇನ್ನೂ ಬೆಚ್ಚಗಿತ್ತು.

ಅಮ್ಮಿಗೆ ಹೇಗೆ ಹೇಳಿದೆ ಎಂಬುದನ್ನು ಬರೆಯಲಾರೆ.

ಫೆಬ್ರುವರಿ 17, ಸೋಮವಾರ

ಪ್ರೋಗ್ರಾಮನ್ನೂ ನಗ್ಮಾಳ ಮಾತುಗಳನ್ನೂ ಮಹಾಂತೇಶ್ ತುಂಬಿಕೊಟ್ಟ ಹೊಸ ಡಿಸ್ಕ್ ಕೂರಿಸಿದೆ. ಬ್ಯಾಟರಿ ಇಟ್ಟು, ವೈರಿನ ತುದಿಯನ್ನು ಕೊನೆಯಲ್ಲಿ ಸಿಕ್ಕಿಸಿದೆ. ನಲ್ಲಿ ಮುಟ್ಟಿ ಬಂದೆ, ಮತ್ತೆ ಮುಟ್ಟಿ ಬಂದೆ. ಇಡ್ಲಿ ತಟ್ಟೆಯ ಗುಳಿಗಳು ಒಂದೊಂದಾಗಿ ಖಾಲಿಯಾದವು, ಒಂದೂ ಮಿಗಲಿಲ್ಲ. ಕೀಬೋರ್ಡಿನ ಪಟ್ಟಿಗೆ ಟೇಪ್ ಸುತ್ತಿ ಹಾಗೇ ಬಿಟ್ಟೆ.

ಅಮ್ಮಿ ಎರಡು ದಿನದಿಂದ ನನ್ನ ಹತ್ತಿರ ಮಾತಾಡಿಲ್ಲ. ಆದರೆ ನಾನು ಕೂತಷ್ಟು ಹೊತ್ತೂ ಟಾರ್ಚ್ ಹಿಡಿದು ನಿಂತಿದ್ದಳು.

ಫೆಬ್ರುವರಿ 18, ಮಂಗಳವಾರ

ಸಂಜೆ ಆನ್ ಮಾಡಿದೆವು. ಹೊಸ ಡಿಸ್ಕಿಗೆ ಸದ್ದೇ ಇಲ್ಲ. ಅಕ್ಷರಗಳ ಸಾಲುಗಳು ಬಂದವು, ಬೆಳಕು ನಡೆಯತೊಡಗಿತು. ಕೆಂಪು ಗುಂಡಿಯನ್ನು ನಗ್ಮಾಳ ಬೆರಳ ಕೆಳಗೆ ಇಟ್ಟೆ. ಬೆರಳು ತಣ್ಣಗಿತ್ತು.

ಒತ್ತಲಿಲ್ಲ. ಬೆಳಕು ಎಲ್ಲ ಸಾಲು ಸುತ್ತಿ ಮತ್ತೆ ಮೇಲೆ ಬಂತು. ಬೆರಳು ಅಲುಗಿತು, ಗುಂಡಿ ಕೆಳಗಿಳಿಯಲಿಲ್ಲ. ಇಷ್ಟು ದಿನಗಳಲ್ಲಿ ಅದರ ಬಲ ಎಷ್ಟು ಹೋಗಿದೆ ಎಂದು ಆಗ ಕಂಡಿತು. ಮುಖ ಬೇರೆ ಕಡೆ ತಿರುಗಿಸಿಕೊಂಡೆ. ಬೆಳಕು ಮತ್ತೊಂದು ಸುತ್ತು ಹಾಕಿತು. ಬೆಳಕಿನ ವೇಗವನ್ನು ಇನ್ನಷ್ಟು ಕಡಿಮೆ ಮಾಡಿದೆ. ಅವಳ ಬೆರಳಿನ ಮೇಲೆ ನನ್ನ ಬೆರಳಿಟ್ಟು ಒತ್ತಬಹುದಿತ್ತು. ಕೈಯನ್ನು ಮಡಿಲಿನಲ್ಲಿ ಇಟ್ಟುಕೊಂಡೆ.

ಟಕ್.

ಪರದೆಯ ಮೇಲೆ ಒಂದು ಅಕ್ಷರ. ನ.

"ನೀರು!" ಎಂದು ಅಮ್ಮಿ ಎದ್ದಳು. "ನೀರು ಬೇಕಂತೆ. ಅಲ್ಲ, ನಿದ್ದೆನಾ? ಮಸರತ್, ದಿಂಬು ತೆಗಿ."

"ಕೂತ್ಕೋ ಅಮ್ಮಿ," ಎಂದೆ. "ಅವಳಿನ್ನೂ ಮುಗಿಸಿಲ್ಲ."

ಅಮ್ಮಿ ನೀರಿನ ಲೋಟ ಹಿಡಿದುಕೊಂಡೇ ಕೂತಳು. ಇದನ್ನು ನಗ್ಮಾಳ ಮಂಚದ ಪಕ್ಕದಲ್ಲೇ ಬರೆಯುತ್ತಿದ್ದೇನೆ. ಬೆಳಕು ಮತ್ತೆ ಮೊದಲ ಸಾಲಿಗೆ ಬಂದಿದೆ.